ಹೌಜ್ ಖಾಸಿನಲ್ಲಿ ಸುಮಿಗೊಂದು ಮನೆ

ರೈಲಿನಲ್ಲಿ

ಪರದೇಶ ಅಂದರೆ ಸಮುದ್ರ ದಾಟಬೇಕು ಎಂದು ಕಿಟ್ಟಿ ವಾದ ಮಾಡುತ್ತಾನೆ. ನಾನು ದಾಟಿದ್ದು ನದಿಗಳನ್ನು ಮಾತ್ರ, ಅದೂ ರೈಲಿನ ಕಿಟಕಿ ಪಕ್ಕ ಕೂತು. ಆದರೆ ಇಳಿದ ಊರಿನಲ್ಲಿ ಬೋರ್ಡಿನ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಮುಂದಕ್ಕೆ ಹೋಗಿರುತ್ತಿತ್ತು. ಜನ ಮಾತಾಡಿದ್ದು ಅರ್ಧ ತಿಳಿಯುತ್ತಿತ್ತು, ನಾನು ಮಾತಾಡಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಮಟ್ಟಿಗೆ ಅದು ಪರದೇಶವೇ.

ಅನು, ಕಿಟ್ಟಿ, ನೀವಿಬ್ಬರೂ ದೆಹಲಿ ಹೇಗಿತ್ತು ಅಜ್ಜಿ ಎಂದು ಕೇಳಿದಾಗ ಚೆನ್ನಾಗಿತ್ತು ಎಂದಷ್ಟೇ ಹೇಳಿ ಅಡಿಗೆಮನೆಗೆ ಹೋಗಿಬಿಟ್ಟೆ. ನಾಲ್ಕು ಜನ ಕೂತ ಕಡೆ ನನಗೆ ಮಾತು ಬರುವುದಿಲ್ಲ. ಬರೆಯುವಾಗ ಯಾರೂ ನನ್ನ ಮುಖ ನೋಡುತ್ತಿರುವುದಿಲ್ಲವಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಿಮ್ಮ ಸುಮಿ ಚಿಕ್ಕಮ್ಮನಿಗೆ ಅಲ್ಲಿನ ದೊಡ್ಡ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಕಾಲೇಜಿನ ಕ್ವಾರ್ಟರ್ಸ್ ಸಿಗಲು ಕಾಯಬೇಕು, ಅಲ್ಲಿಯವರೆಗೆ ಹೊರಗೆ ಬಾಡಿಗೆ ಮನೆ ಮಾಡಿಕೊಳ್ಳಿ ಎಂದಿದ್ದರಂತೆ. ಕಾಲೇಜಿನ ಸುತ್ತ ಇರುವುದೆಲ್ಲ ಶ್ರೀಮಂತರ ಬಡಾವಣೆ. ಮದುವೆಯಾಗದ ಹುಡುಗಿ ಒಬ್ಬಳೇ ಹೋಗಿ ಕೇಳಿದರೆ ಅಲ್ಲಿ ಯಾರೂ ಮನೆ ಕೊಡುವುದಿಲ್ಲ ಎಂದು ಯಾರೋ ಹೇಳಿದ್ದರು. "ನೀನು ಸುಮ್ನೆ ನನ್ನ ಪಕ್ಕ ಕೂತ್ಕೋ ಸಾಕಮ್ಮ, ಫ್ಯಾಮಿಲಿ ಥರ ಕಾಣುತ್ತೆ" ಎಂದು ನನ್ನನ್ನು ಹೊರಡಿಸಿದಳು.

ಮನೆ ಸಿಗದಿದ್ದರೆ ದಾವಣಗೆರೆಯ ಕಾಲೇಜೊಂದು ಕರೆದಿತ್ತು, ಅಲ್ಲಿಗೆ ಹೋಗುವುದು ಎಂದು ಮಾತಾಗಿತ್ತು. ನಮ್ಮ ಹಿರಿಯೂರಿನಿಂದ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅವಳ ಮನೆ ಸೇರಬಹುದಿತ್ತು. ನನಗೇನೋ ಅದೇ ಹಿತ. ಆದರೆ ದೆಹಲಿಯ ಕಾಗದ ಬಂದ ದಿನ ಅವಳು ಮುದ್ದೆ ಮುರಿಯುತ್ತಾ ತನ್ನಷ್ಟಕ್ಕೆ ತಾನೇ ನಗುತ್ತಿದ್ದುದನ್ನು ನೋಡಿದ್ದೆ. ಆಮೇಲೆ ದಾವಣಗೆರೆಯ ಮಾತು ನಾನಾಗಿ ಎತ್ತಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು, ನಗಬಾರದು. ಮನೆ ಬಿಟ್ಟು ಹೊರಟರೆ ನಾನು ನೀರು ಮುಟ್ಟುವುದಿಲ್ಲ. ನಮ್ಮ ಕಾಲದ ಹೆಂಗಸರಿಗೆಲ್ಲ ಇದು ಅಭ್ಯಾಸ. ಬಸ್ಸು ನಿಂತ ಕಡೆ ಗಂಡಸರು ಬೇಲಿಯ ಕಡೆ ತಿರುಗಿ ನಿಲ್ಲುತ್ತಾರೆ, ನಾವು ಎಲ್ಲಿಗೆ ಹೋಗುವುದು? ನೆಂಟರ ಮನೆಯಲ್ಲಾದರೂ ಸರಿ, ಬಚ್ಚಲು ಎಲ್ಲಿದೆ ಎಂದು ಕೇಳುವುದಕ್ಕಿಂತ ಬಾಯಾರಿಕೊಂಡು ಇರುವುದೇ ವಾಸಿ ಎಂದು ಕಲಿತವರು ನಾವು. ರೈಲಿನಲ್ಲೂ ಹಾಗೇ ಮಾಡಿದೆ. ಎದುರಿನ ಸೀಟಿನ ಹೆಂಗಸು ಕೊಟ್ಟ ಮಜ್ಜಿಗೆಯನ್ನು ಬೇಡ ಎಂದು, ಅವರು ನಿದ್ದೆ ಹೋದ ಮೇಲೆ ಗಂಟಲು ತೇವ ಮಾಡಿಕೊಳ್ಳುವಷ್ಟು ನೀರು ಮಾತ್ರ ಕುಡಿದೆ.

ಗೆಸ್ಟ್ ಹೌಸ್

ಕಾಲೇಜಿನ ಗೆಸ್ಟ್ ಹೌಸಿನಲ್ಲಿ ನಮಗೊಂದು ಕೋಣೆ ಕೊಟ್ಟಿದ್ದರು. ಭಾನುವಾರ ಬಿಟ್ಟುಕೊಡಬೇಕು. ಕಿಟಕಿಗೆ ದೊಡ್ಡ ತಗಡಿನ ಪೆಟ್ಟಿಗೆ ಹೊಂದಿಸಿದ್ದರು. ಸುಮಿ ಗುಂಡಿ ಒತ್ತಿದ್ದೇ ತಡ ಅದು ನಮ್ಮೂರಿನ ಹಿಟ್ಟಿನ ಗಿರಣಿಯ ಹಾಗೆ ಗುಡುಗತೊಡಗಿತು. ಅದಕ್ಕೆ ಕೂಲರ್ ಎನ್ನುತ್ತಾರೆ. ಒಳಗೆ ನೀರು ಸುರಿದು, ಒದ್ದೆ ಹುಲ್ಲಿನ ಮೂಲಕ ಗಾಳಿ ಬಿಡುತ್ತದೆ. ಕೋಣೆ ತುಂಬ ಮೊದಲ ಮಳೆ ಬಿದ್ದ ಹೊಲದ ವಾಸನೆ. ಸದ್ದಿಗೆ ಮಾತು ಕೇಳುತ್ತಿರಲಿಲ್ಲ, ನಿಲ್ಲಿಸಿದರೆ ಜುಲೈ ತಿಂಗಳ ಸೆಕೆ. ಹಾಗಾಗಿ ನಾವಿಬ್ಬರೂ ಆ ಕೋಣೆಯಲ್ಲಿ ಕೈ ಬಾಯಿ ಸನ್ನೆಯಲ್ಲೇ ಮಾತಾಡಿದೆವು. ಮುಂದೆ ಅದು ಉಪಯೋಗಕ್ಕೆ ಬಂತು.

ಬೆಳಿಗ್ಗೆ ಕಿಟಕಿಯಿಂದ ನೋಡುತ್ತಿದ್ದೆ. ಹುಡುಗರು ಹವಾಯಿ ಚಪ್ಪಲಿ ಹಾಕಿಕೊಂಡು, ತಲೆ ಬಾಚದೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ದೇಶಕ್ಕೆಲ್ಲ ಬುದ್ಧಿವಂತರು ಇವರೇ ಅಮ್ಮ ಎಂದಳು ಸುಮಿ. ಇರಬಹುದು. ಒಬ್ಬನ ಅಂಗಿ ಉಲ್ಟಾ ಇತ್ತು.

ಮೂರು ಮನೆಗಳು

ಮನೆ ತೋರಿಸುವ ದಲ್ಲಾಳಿಯನ್ನು ಅಲ್ಲಿ ಪ್ರಾಪರ್ಟಿ ಡೀಲರ್ ಎನ್ನುತ್ತಾರೆ. ನಮಗೆ ಸಿಕ್ಕಿದವರು ಗುಪ್ತಾ ಎನ್ನುವವರು. ಬಿಳಿ ಪ್ಯಾಂಟು, ಬಿಳಿ ಬೂಟು. ಕಾರಿನಲ್ಲಿ ಕೂರಿಸಿಕೊಂಡು ಮೊದಲು ನನ್ನ ಕಡೆ ತಿರುಗಿ ಏನೋ ಹೇಳಿದರು. ಸುಮಿ ನಕ್ಕಳು. "ಮಾತಾಜಿ ಏನೂ ಮಾತಾಡದಿದ್ರೆ ಸಾಕು, ಉಳಿದದ್ದು ನಾನು ನೋಡ್ಕೋತೀನಿ ಅಂತಿದಾರೆ."

"ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತೆ ಅನ್ನು" ಎಂದೆ.

ಹೌಜ್ ಖಾಸಿನ ಬೀದಿಗಳು ಅಗಲ. ಎರಡೂ ಕಡೆ ಬೇವಿನ ಮರ. ಒಂದೊಂದು ಮನೆಯೂ ನಮ್ಮ ತಾಲೂಕು ಕಚೇರಿಯಷ್ಟು ದೊಡ್ಡದು. ಗೇಟಿನ ಮೇಲೆ ಮನೆಯವರ ಹೆಸರು, ಅದರ ಕೆಳಗೆ ಅವರು ನಿವೃತ್ತರಾಗುವ ಮೊದಲು ಏನಾಗಿದ್ದರು ಎಂದು ಹಿತ್ತಾಳೆಯಲ್ಲಿ ಕೆತ್ತಿಸಿದ್ದಾರೆ. ಹೆಂಗಸರು ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಾರೆ, ಕೆಳಗೆ ತಳ್ಳುಗಾಡಿಯ ಭಯ್ಯಾ ಹೀರೇಕಾಯಿ ತುಂಬಿ ಕಳಿಸುತ್ತಾನೆ. ಮೇಲಿನಿಂದ ಅವರು ಬೈಯುತ್ತಾರೆ, ಕೆಳಗಿನಿಂದ ಅವನು ಇನ್ನೊಂದು ಹಿಡಿ ಕೊತ್ತಂಬರಿ ಹಾಕುತ್ತಾನೆ. ಪಾರ್ಕಿನ ನಡುವೆ ಯಾವುದೋ ಕಾಲದ ಗೋರಿ, ಅದರ ಗೋಡೆಗೆ ಇಟ್ಟಿಗೆ ಒರಗಿಸಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಒಳಗೆ ಮಲಗಿರುವವರಿಗೂ ಹೊತ್ತು ಹೋಗಬೇಕಲ್ಲ ಎನ್ನಿಸಿತು.

ಮೊದಲನೇ ಮನೆಯವರು ಬಾಗಿಲಲ್ಲೇ ಕೇಳಿದರು: ಯಜಮಾನರು ಎಲ್ಲಿ? ಸುಮಿ ನಾವು ಅಮ್ಮ ಮಗಳು ಮಾತ್ರ ಎಂದಳು. ಅವರಿಗೆ ತಟ್ಟನೆ ನೆನಪಾಯಿತಂತೆ, ಆ ಮನೆಯನ್ನು ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿದೆ ಎಂದು.

ಎರಡನೇ ಮನೆಯ ನೆಲಕ್ಕೆ ಕನ್ನಡಿಯಂಥ ಕಲ್ಲು. ನಾನು ಗೋಡೆ ಹಿಡಿದುಕೊಂಡೇ ನಡೆದೆ. ಮನೆಯಾಕೆ ಮದ್ರಾಸಿಗಳಾ ಎಂದರು. ಕರ್ನಾಟಕ ಎಂದಳು ಸುಮಿ. ಅವರು ಅಚ್ಛಾ ಎಂದು, ಹಾಗಾದರೆ ಮೀನು ಬೇಯಿಸುತ್ತೀರಾ ಎಂದು ಕೇಳಿದರು.

"ನಮ್ಮೂರ ಕೆರೆ ತುಂಬಿದ ವರ್ಷ ಮಾತ್ರ" ಎಂದು ನಾನು ಸುಮಿಯ ಕಿವಿಯಲ್ಲಿ ಹೇಳಿದೆ. ಅವಳು ಅದನ್ನು ಹಿಂದಿಗೆ ಮಾಡಲಿಲ್ಲ. ಆದರೂ ಮನೆ ಸಿಗಲಿಲ್ಲ.

ಮೂರನೆಯದು ನೆಲದ ಕೆಳಗಿತ್ತು. ಮೆಟ್ಟಿಲಿಳಿದು ಹೋದರೆ ಕಿಟಕಿಯಿಲ್ಲದ ಕೋಣೆ. ನಿಮ್ಮ ಮುತ್ತಾತನ ಮನೆಯ ಮುಂದೆ ರಾಗಿ ತುಂಬುವ ಹಗೇವು ಇತ್ತು, ಥೇಟ್ ಹಾಗೇ. ಹಗೇವಿಗೆ ಇಳಿಯುವ ಮೊದಲು ದೀಪ ಬಿಟ್ಟು ಗಾಳಿ ಇದೆಯೇ ಎಂದು ನೋಡುತ್ತಿದ್ದರು. "ಇಲ್ಲಿ ಮಗಳನ್ನ ಬಿಟ್ಟು ಹೋಗಲ್ಲ" ಎಂದು ನಾನೇ ಹೇಳಿದೆ. ಗುಪ್ತಾ ಅವರಿಗೆ ಕನ್ನಡ ಬರದಿದ್ದರೂ ಅದು ಅರ್ಥವಾಯಿತು.

ಬೀಜಿಯ ಮನೆ

ನಾಲ್ಕನೆಯದು ನೀಲಿ ಗೇಟಿನ ಮನೆ. ಕೆಳಗೆ ಮನೆಯವರು, ತಾರಸಿಯ ಮೇಲೆ ಒಂದು ಕೋಣೆ, ಅಡಿಗೆಮನೆ, ಬಚ್ಚಲು. ತಾರಸಿಯ ಮೇಲಿನ ಇಂಥ ಮನೆಗೆ ಬರ್ಸಾತಿ ಎಂದು ಹೆಸರು. ಕಾಲೇಜಿಗೆ ನಡೆದೇ ಹೋಗಬಹುದು. ಸುಮಿ ತಾರಸಿಯಲ್ಲಿ ನಿಂತು ಬೇವಿನ ಮರಗಳ ತಲೆಯ ಆಚೆ ಕಾಲೇಜಿನ ಕಟ್ಟಡ ನೋಡಿದಳು. ಮತ್ತೆ ಅದೇ ನಗು, ಮುದ್ದೆ ಮುರಿಯುವಾಗಿನ ನಗು. ನನಗೆ ಇದೇ ಮನೆ ಆಗಲಿ ಎನ್ನಿಸಿತು.

ಗುಪ್ತಾ ಮೆಟ್ಟಿಲಲ್ಲೇ ಪಿಸುಗುಟ್ಟಿದರು: ಮಾತಾಜಿಯೂ ಇಲ್ಲೇ ಇರುತ್ತಾರೆ ಎಂದು ಹೇಳಿಬಿಡಿ, ಆಮೇಲೆ ಅವರು ಊರಿಗೆ ಹೋದರೆ ಯಾರು ಕೇಳುತ್ತಾರೆ? ಸುಮಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಕೆಳಗೆ ಹಜಾರದಲ್ಲಿ ಕೂತೆವು. ಮನೆಯಾಕೆಯನ್ನು ಎಲ್ಲರೂ ಬೀಜಿ ಎನ್ನುತ್ತಿದ್ದರು. ಪಂಜಾಬಿಗಳಲ್ಲಿ ಹಿರಿಯ ಹೆಂಗಸನ್ನು ಹಾಗೆ ಕರೆಯುವುದು. ನನಗಿಂತ ಸ್ವಲ್ಪ ದೊಡ್ಡವರು, ದಪ್ಪ, ಹೂವಿನ ಸಲ್ವಾರ್, ಮಂಡಿ ಹಿಡಿದುಕೊಂಡು ಏಳುವವರು. ಮೂಲೆಯಲ್ಲಿ ಅವರ ಯಜಮಾನರು ಬಾವುಜಿ, ಪೇಪರಿನ ಹಿಂದೆ. ಬೀಜಿ ಮಾತಿಗೆ ಮೊದಲು ತಾವೇ ಒಳಗೆ ಹೋಗಿ ತಟ್ಟೆಯಲ್ಲಿ ನೀರಿನ ಲೋಟಗಳನ್ನು ತಂದರು. ಲೋಟದ ಮೈ ಬೆವೆತಿತ್ತು. ಬೆಳಿಗ್ಗೆಯಿಂದ ಒಂದು ಹನಿ ಕುಡಿಯದ ನನಗೆ ಕಣ್ಣು ಅದರಲ್ಲೇ. ಇನ್ನೂ ಎಷ್ಟು ಮನೆ ಸುತ್ತಬೇಕೋ ಎಂಬ ಭಯಕ್ಕೆ ಕೈ ಅಡ್ಡ ಮಾಡಿದೆ.

"ಪೀಜಿಯೇ, ಪೀಜಿಯೇ" ಎಂದರು.

ನಾನು ತಲೆ ಅಲ್ಲಾಡಿಸಿದೆ. ಕೆಂಪು ಶರಬತ್ತು ತಂದರು. ಅದಕ್ಕೂ ಕೈ ಮುಗಿದೆ. ಅವರು ತಟ್ಟೆಯನ್ನು ಮೇಜಿನ ಮೇಲೆ ಇಟ್ಟ ಸದ್ದು ಸ್ವಲ್ಪ ಜೋರಾಗಿಯೇ ಇತ್ತು. ಮಾತು ಬೇಗ ಮುಗಿಯಿತು. ಸಂಜೆ ತಿಳಿಸುತ್ತೇವೆ ಎಂದರು.

ಸಂಜೆ ಗುಪ್ತಾ ಫೋನು ಮಾಡಿದರು. ಸುಮಿ ಕೂಲರ್ ಆರಿಸಿ ಕೇಳಿಸಿಕೊಂಡಳು. ಫೋನು ಇಟ್ಟು ಮಂಚದ ತುದಿಯಲ್ಲಿ ಕೂತಳು.

"ಕೊಡಲ್ಲವಂತೆ."

"ಯಾಕಂತೆ?"

"ನಿಮ್ಮ ಮಾತಾಜಿ ದೊಡ್ಡ ಮಡಿಯೋರು, ನಮ್ಮನೆ ನೀರು ಮುಟ್ಟಲ್ಲ, ಅಂಥೋರು ನಮ್ಮ ತಲೆ ಮೇಲೆ ಹೇಗಿರ್ತಾರೆ ಅಂದ್ರಂತೆ. ಒಂದು ಲೋಟ ನೀರು ಕುಡಿಯೋಕೆ ಏನಾಗಿತ್ತಮ್ಮ ನಿನಗೆ?"

ನಾವು ಯಾವ ಮಡಿಯವರು? ನಿಮ್ಮ ತಾತ ಇದ್ದಾಗ ಹಬ್ಬದ ಮಾರನೇ ದಿನ ಹಟ್ಟಿಯಲ್ಲಿ ಕುರಿ ಬೀಳುತ್ತಿತ್ತು. ನಾನು ಕಾರಣ ಹೇಳಿದೆ. ಸುಮಿ ಮೊದಲು ನನ್ನ ಮುಖ ನೋಡಿದಳು, ಆಮೇಲೆ ನಕ್ಕಳು, ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು. "ಇದನ್ನ ಗುಪ್ತಾಗೆ ಹೇಗೆ ಹೇಳಲಿ ನಾನು" ಎಂದಳು. ಹೇಳುವುದು ಬೇಡ ಎಂದೆ. ಗಂಡಸಿನ ಬಾಯಲ್ಲಿ ಆ ಮಾತು ಹೋಗುವುದು ನನಗೆ ಬೇಡವಾಗಿತ್ತು. ಅವಳು ಗೋಡೆ ಕಡೆ ತಿರುಗಿ ಮಲಗಿ, ದಾವಣಗೆರೆಗೆ ಬರುತ್ತೇನೆಂದು ಫೋನು ಮಾಡಿಬಿಡುತ್ತೇನೆ ನಾಳೆ ಎಂದಳು.

ಅದೇ ಗೇಟು, ಒಬ್ಬಳೇ

ಮಾರನೇ ದಿನ ಸುಮಿಗೆ ಕಾಲೇಜಿನಲ್ಲಿ ಯಾವುದೋ ಸಭೆ. "ಸಂಜೆವರೆಗೂ ದಾವಣಗೆರೆಗೆ ಫೋನು ಮಾಡಬೇಡ" ಎಂದಷ್ಟೇ ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಸೀರೆ ಸರಿ ಮಾಡಿಕೊಂಡು, ಚಪ್ಪಲಿ ಮೆಟ್ಟಿ ಹೊರಟೆ.

ಒಬ್ಬಳೇ ಸಂತೆಗೂ ಹೋಗದವಳು ನಾನು, ನಿಮಗೇ ಗೊತ್ತು. ಮುಖ್ಯ ರಸ್ತೆ ದಾಟಲು ಹುಡುಗಿಯರ ಗುಂಪು ಬರುವವರೆಗೆ ಕಾದು ಅವರ ನಡುವೆ ನುಗ್ಗಿಕೊಂಡು ದಾಟಿದೆ. ಆಚೆ ದಡದಲ್ಲಿ ಒಬ್ಬಳು ನನ್ನ ಕೈ ಬಿಡಿಸಿಕೊಂಡಳು, ನಾನು ಅವಳ ಕೈ ಹಿಡಿದದ್ದೇ ನನಗೆ ಗೊತ್ತಿರಲಿಲ್ಲ. ಬೇವಿನ ಮರದ ಕೆಳಗೆ ಇಸ್ತ್ರಿ ಮಾಡುವವನು, ಅಲ್ಲಿಂದ ಎಡಕ್ಕೆ ತಿರುಗಿದರೆ ಗೋರಿಯ ಪಾರ್ಕು, ಪಾರ್ಕಿನ ಎದುರಿಗೆ ನೀಲಿ ಗೇಟು. ಶಾಲೆಯಲ್ಲಿ ಕಲಿತ ಹಿಂದಿ ದಾರಿಯುದ್ದಕ್ಕೂ ನೆನಪು ಮಾಡಿಕೊಂಡೆ. ನಮ್ಮ ಮೇಷ್ಟ್ರು ಕಲಿಸಿದ್ದು ಇದು ಕಲಮು, ಅದು ಗಿಳಿ, ಗಿಳಿ ಹಸಿರು. ಇದರಲ್ಲಿ ನನ್ನ ಕಷ್ಟ ಹೇಳಿಕೊಳ್ಳಲು ಆಗುವಂತಿರಲಿಲ್ಲ.

ಬೀಜಿ ಬಾಗಿಲು ತೆಗೆದು ಹುಬ್ಬು ಗಂಟಿಕ್ಕಿದರು. ನಾನು ಕೈ ಮುಗಿದು, "ಪಾನಿ" ಎಂದೆ.

ಅವರು ನನ್ನನ್ನೇ ನೋಡುತ್ತ ನಿಂತರು. ಬಿಸಿಲಿಗೆ ನನ್ನ ಮುಖ ಕೆಂಪಾಗಿತ್ತೋ ಏನೋ, ಒಳಗೆ ಕರೆದರು. ನೀರು ತಂದರು. ನಾನು ಎತ್ತಿ ಕುಡಿಯಲಿಲ್ಲ, ಲೋಟಕ್ಕೆ ಬಾಯಿಟ್ಟೇ ಕುಡಿದೆ, ಅವರು ನೋಡಲಿ ಎಂದು. ಲೋಟ ಖಾಲಿ ಮಾಡಿ ಮತ್ತೆ ಚಾಚಿದೆ. ಮತ್ತೆ ತಂದರು. ಆಮೇಲೆ ಶರಬತ್ತು ಬಂತು, ಅದೂ ಆಯಿತು. ಆಮೇಲೆ ಸಿಹಿ ಲಸ್ಸಿ, ನಮ್ಮ ಚೊಂಬಿನಷ್ಟು ದೊಡ್ಡ ಲೋಟದಲ್ಲಿ. ಬಾವುಜಿ ಪೇಪರ್ ಇಳಿಸಿ ನನ್ನನ್ನು ನೋಡಿದರು. ಫ್ಯಾನು ತಿರುಗುತ್ತಿತ್ತು.

ಇಷ್ಟು ಕುಡಿದರೆ ಏನಾಗಬೇಕೋ ಅದೇ ಆಯಿತು. ನಾನು ಸೋಫಾದ ತುದಿಗೆ ಬಂದೆ. ಕಾಲು ಮಡಚಿದೆ, ಬಿಚ್ಚಿದೆ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಕೊನೆಗೆ ಇನ್ನು ಆಗುವುದಿಲ್ಲ ಎನ್ನಿಸಿ, ಬೀಜಿಯ ಹತ್ತಿರ ಹೋಗಿ, ಬಾವುಜಿಗೆ ಕಾಣದ ಹಾಗೆ ಸೆರಗು ಅಡ್ಡ ಹಿಡಿದು, ಕಿರುಬೆರಳು ತೋರಿಸಿದೆ. ಶಾಲೆಯಲ್ಲಿ ಮೇಷ್ಟ್ರಿಗೆ ತೋರಿಸುತ್ತಿದ್ದ ಹಾಗೆ.

ಬೀಜಿ ನನ್ನ ಬೆರಳು ನೋಡಿದರು. ಮೇಜಿನ ಮೇಲಿದ್ದ ಖಾಲಿ ಲೋಟಗಳನ್ನು ನೋಡಿದರು. ಆಮೇಲೆ ನನ್ನ ಮುಖ. ಅವರಿಗೆ ನಿಧಾನವಾಗಿ ಹೊಳೆಯುತ್ತಿರುವುದು ನನಗೆ ಕಾಣುತ್ತಿತ್ತು. ಅವರು ನಿನ್ನೆ ನಾನು ಮಾಡಿದ ಹಾಗೆ ಕೈ ಅಡ್ಡ ಮಾಡಿ ತೋರಿಸಿ, ಕಿರುಬೆರಳೆತ್ತಿ, ಇದಕ್ಕಾ ಎಂಬಂತೆ ಹುಬ್ಬು ಏರಿಸಿದರು. ನಾನು ಹೌದೆಂದು ಗೋಣು ಹಾಕಿದೆ.

ಅವರು ನಕ್ಕ ನಗುವಿಗೆ ಬಾವುಜಿಯ ಪೇಪರ್ ಕೆಳಗೆ ಬಿತ್ತು. ನಗುತ್ತಲೇ ನನ್ನ ತೋಳು ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ದೀಪ ಹಾಕಿಕೊಟ್ಟರು.

ಹೊರಗೆ ಬಂದ ಮೇಲೆ ಅವರು ನನ್ನ ಪಕ್ಕದಲ್ಲೇ ಕೂತು ತುಂಬ ಮಾತಾಡಿದರು. ಅರ್ಧ ಅವರ ಕೈಗಳಿಂದ ತಿಳಿಯಿತು, ಇನ್ನರ್ಧ ಆಮೇಲೆ ಸುಮಿಯಿಂದ. ದೇಶ ಭಾಗವಾದಾಗ ಅವರು ಇಷ್ಟೆತ್ತರದ ಹುಡುಗಿ. ಲಾರಿಯಲ್ಲಿ ಬಂದರು. ಲಾರಿ ಎಲ್ಲೂ ನಿಲ್ಲುವುದಿಲ್ಲವೆಂದು ಅವರ ತಾಯಿ ಹೆಣ್ಣುಮಕ್ಕಳಲ್ಲಿ ಯಾರ ಬಾಯಿಗೂ ನೀರು ಬಿಡಲಿಲ್ಲವಂತೆ. ದೆಹಲಿಗೆ ಬಂದ ಮೇಲೆ ಬಾಡಿಗೆಗೆ ಇದ್ದ ಓಣಿಯಲ್ಲಿ ಪಕ್ಕದ ಮನೆಯವರು ಇವರಿಗೆಂದೇ ಬೇರೆ ಲೋಟ ಇಟ್ಟಿದ್ದರಂತೆ. ನಾನು ನೀರು ಬೇಡವೆಂದಾಗ ಅವರಿಗೆ ಕಂಡದ್ದು ಆ ಲೋಟ.

ಆಮೇಲೆ ಅವರು ಬೆರಳನ್ನು ಮೇಲಕ್ಕೆ, ತಾರಸಿಯ ಕಡೆ ತೋರಿಸಿ, ನನ್ನ ಕಡೆ ತಿರುಗಿಸಿ ಕೇಳಿದರು. ನೀವೂ ಇಲ್ಲೇ ಇರುತ್ತೀರಲ್ಲ? ಗುಪ್ತಾ ಹೇಳಿಕೊಟ್ಟದ್ದು ನೆನಪಿತ್ತು. ಹೂಂ ಎಂದು ಗೋಣು ಹಾಕಿದ್ದರೆ ಆಗುತ್ತಿತ್ತು, ಅದಕ್ಕೆ ಭಾಷೆಯೂ ಬೇಡ. ಆದರೆ ಆಗಷ್ಟೇ ನನ್ನ ತೋಳು ಹಿಡಿದು ನಡೆಸಿದ ಹೆಂಗಸು.

"ನಹೀಂ" ಎಂದೆ. "ಬೇಟಿ. ಅಕೇಲಿ." ಮಗಳು, ಒಬ್ಬಳೇ.

ಬೀಜಿ ಬಾವುಜಿಯ ಕಡೆ ನೋಡಿ ಏನೋ ಕೇಳಿದರು. ಅವರು ಮತ್ತೆ ಪೇಪರ್ ಹಿಡಿದುಕೊಂಡು ಒಂದೇ ಮಾತು ಹೇಳಿದರು. ಬೀಜಿ ಎದ್ದು, ನನಗೆ ಛತ್ರಿ ಕೊಟ್ಟು, ಸಂಜೆ ಮಗಳನ್ನು ಕರೆದುಕೊಂಡು ಬಾ ಎಂದು ಸನ್ನೆ ಮಾಡಿದರು. ಬಾವುಜಿ ಹೇಳಿದ ಮಾತು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ದಾರಿಯುದ್ದಕ್ಕೂ ಒದ್ದಾಡಿದೆ.

ಸುಮಿ ಗೆಸ್ಟ್ ಹೌಸಿನ ಮೆಟ್ಟಿಲ ಮೇಲೆ ನಿಂತಿದ್ದಳು, ಮುಖ ಬಿಳಿಚಿಕೊಂಡು.

"ಎಲ್ಲಿಗೆ ಹೋಗಿದ್ದೆಯಮ್ಮ? ಸೆಕ್ಯೂರಿಟಿಗೆಲ್ಲ ಹೇಳಿ ಹುಡುಕಿಸ್ತಿದೀನಿ."

"ಮನೆ ನೋಡೋಕೆ."

"ಯಾರ ಮನೆ?"

"ನಿನ್ನದು" ಎಂದೆ. "ಸಂಜೆ ಬರಬೇಕಂತೆ. ದಾವಣಗೆರೆಗೆ ಫೋನು ಮಾಡಿಲ್ಲ ತಾನೆ?"

ಬರ್ಸಾತಿ

ಸಂಜೆ ಬೀಜಿ ಸುಮಿಯನ್ನು ವಿಚಾರಣೆಗೆ ಕೂರಿಸಿದರು. ಯಾರು ಬಂದು ಹೋಗುತ್ತಾರೆ, ಅಡಿಗೆ ಬರುತ್ತದೆಯೇ, ಯಾಕೆ ಮದುವೆಯಾಗಿಲ್ಲ. ಪ್ರಯೋಗಾಲಯದಲ್ಲಿ ಕೆಲಸವಿದ್ದರೆ ತಡವಾಗುತ್ತದೆ ಎಂದು ಸುಮಿ ಮೊದಲೇ ಹೇಳಿದಳು. "ಎಷ್ಟು ತಡ ಆದ್ರೂ ಬಾ. ಗೇಟಿನ ಸದ್ದು ಕೇಳೋವರೆಗೂ ನಾನಂತೂ ನಿದ್ದೆ ಮಾಡಲ್ಲ, ಬೆಳಿಗ್ಗೆ ನನ್ನ ಸಿಡುಕು ತಡ್ಕೊಳ್ಳೋ ಶಕ್ತಿ ಇರಬೇಕು ಅಷ್ಟೆ" ಎಂದರಂತೆ. ಬಾವುಜಿ ಹಗಲು ಹೇಳಿದ ಆ ಒಂದು ಮಾತೇನೆಂದು ಸುಮಿಯಿಂದ ಕೇಳಿಸಿದೆ. ಸುಳ್ಳು ಹೇಳದ ಬಾಡಿಗೆದಾರರು ಈ ಬೀದಿಗೆ ಇವರೇ ಮೊದಲು ಎಂದಿದ್ದರಂತೆ.

ಭಾನುವಾರ ಸಾಮಾನು ಸಾಗಿಸಿದೆವು. ಮನೆ ಚಿಕ್ಕದು, ತಾರಸಿ ದೊಡ್ಡದು. ಬಚ್ಚಲು ತಾರಸಿಯ ಆಚೆ ತುದಿಗೆ. ಮಳೆ ಬಂದರೆ ಛತ್ರಿ ಹಿಡಿದು ಸ್ನಾನಕ್ಕೆ ಹೋಗಬೇಕು, ಛತ್ರಿ ಹಿಡಿದು ಬರಬೇಕು. ಮಧ್ಯಾಹ್ನ ನೆಲ ಕಾದ ಹೆಂಚು, ಸಂಜೆ ನೀರು ಎರಚಿ ಮಂಚ ಹೊರಗೆ ಹಾಕಿದರೆ ಗಾಳಿಗೆ ಬೇವಿನ ವಾಸನೆ. ಸುತ್ತಲಿನ ತಾರಸಿಗಳಲ್ಲೆಲ್ಲ ಹೆಂಗಸರು ಬಟ್ಟೆ ತೆಗೆಯುತ್ತ ಮಾತಾಡುತ್ತಾರೆ. ಒಂದು ವಾರದಲ್ಲಿ ನನಗೂ ತಲೆ ಆಡಿಸತೊಡಗಿದರು. ನಾನು ಸುಮಾರು ಒಂದು ತಿಂಗಳು ಉಳಿದೆ.

ಒಂದು ದಿನ ಮುದ್ದೆ ಮಾಡಿ, ಹುರುಳಿಕಾಳಿನ ಸಾರಿನ ಜೊತೆ ಕೆಳಗೆ ಕೊಟ್ಟೆ. ಬೀಜಿ ಮುದ್ದೆಯನ್ನು ಅಗಿಯಲು ಶುರು ಮಾಡಿದರು. ಅಗಿದರು, ಅಗಿದರು, ದವಡೆ ನಿಲ್ಲಿಸಿ ನನ್ನ ಕಡೆ ನೋಡಿದರು. ನುಂಗಬೇಕು ಎಂದು ಗಂಟಲು ಮುಟ್ಟಿ ತೋರಿಸಿದೆ. ಬಾವುಜಿ ಅಷ್ಟರಲ್ಲಿ ಒಂದನ್ನು ಸದ್ದಿಲ್ಲದೆ ಮುಗಿಸಿ ಇನ್ನೊಂದಕ್ಕೆ ತಟ್ಟೆ ಚಾಚಿದ್ದರು. "ಐವತ್ತು ವರ್ಷ ನನ್ನ ಮಾತು ನುಂಗಿ ಇವರಿಗೆ ಅಭ್ಯಾಸ" ಎಂದರು ಬೀಜಿ. ಅಷ್ಟೊತ್ತಿಗೆ ನನಗೆ ಅಷ್ಟು ಹಿಂದಿ ತಿಳಿಯುತ್ತಿತ್ತು.

ನಿಜಾಮುದ್ದೀನ್ ಸ್ಟೇಷನ್

ಹೊರಡುವ ದಿನ ಸುಮಿ ರಜೆ ಹಾಕುತ್ತೇನೆಂದಳು. ಬೇಡ ಎಂದೆ. ಬೆಳಿಗ್ಗೆ ಅವಳಿಗೆ ಪಾಠ ಇತ್ತು. ತಾರಸಿಯಲ್ಲಿ ನನ್ನ ಕಾಲಿಗೆ ಬಿದ್ದು, ಸೆರಗಿನ ಅಂಚು ಸ್ವಲ್ಪ ಹೊತ್ತು ಹಿಡಿದುಕೊಂಡು, ಪುಸ್ತಕ ಎತ್ತಿಕೊಂಡು ಇಳಿದು ಹೋದಳು. ನಾನು ಕಟ್ಟೆಯ ಪಕ್ಕ ನಿಂತು ನೋಡಿದೆ. ಬೀದಿಯ ತಿರುವಿನಲ್ಲಿ ಸೈಕಲ್ಲಿನ ಹುಡುಗನೊಬ್ಬ ಅವಳನ್ನು ನೋಡಿ ಕಾಲು ಕೆಳಗೂರಿ ನಿಂತ, ಅವಳು ಮುಂದೆ ಹೋದ ಮೇಲೆ ಮತ್ತೆ ಹತ್ತಿದ. ಗುರುಗಳಿಗೆ ತೋರಿಸುವ ಮರ್ಯಾದೆ ಅದು, ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ.

ಬಾವುಜಿ ತಮ್ಮ ಹಳೇ ಕಾರಿನಲ್ಲಿ ಸ್ಟೇಷನ್ನಿಗೆ ಬಿಟ್ಟರು. ಬೀಜಿ ಮಂಡಿ ನೋವಿನಲ್ಲೂ ಬೋಗಿಯೊಳಗೆ ಹತ್ತಿ ಬಂದು, ನನ್ನ ಸೀಟಿನ ಸುತ್ತ ಕೂತವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದರು. ಎಲ್ಲಿಗೆ, ಯಾಕೆ, ಯಾರ ಜೊತೆ. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, ಇವರ ಮಗಳು ಅಷ್ಟು ದೊಡ್ಡ ಕಾಲೇಜಿನಲ್ಲಿ ಹುಡುಗರಿಗೆ ಪಾಠ ಹೇಳುತ್ತಾಳೆ, ಈಗ ಕ್ಲಾಸಿನಲ್ಲಿದ್ದಾಳೆ, ಅದಕ್ಕೇ ಬಂದಿಲ್ಲ ಎಂದು ಇಡೀ ಬೋಗಿಗೆ ಕೇಳುವ ಹಾಗೆ ಹೇಳಿದರು.

ಎಲ್ಲರೂ ನನ್ನ ಕಡೆ ತಿರುಗಿದರು. ಬೇರೆ ದಿನವಾಗಿದ್ದರೆ ಕಿಟಕಿಯ ಹೊರಗೆ ನೋಡುತ್ತಿದ್ದೆ. ಅಂದು ಕೂತಲ್ಲೇ ಕೂತು, ಹೌದು ಎಂದೆ.